ಕಾಡಿಗೆ ಹೋದ ಬಾಣ

ಅಣ್ಣನ ಬಿಲ್ಲುಗಳಿದ್ದ ಕಬ್ಬಿಣದ ಪೆಟ್ಟಿಗೆಯ ಬೀಗದಕೈ ನಾಲ್ಕು ತಿಂಗಳು ನನ್ನ ಚೀಲದಲ್ಲೇ ಇತ್ತು. ಅವನು ತೀರಿಕೊಂಡದ್ದು ಫೆಬ್ರವರಿಯಲ್ಲಿ. ಜೂನ್ ಎರಡನೆಯ ವಾರ ಅವನ ಶಿಷ್ಯೆ ಹೊಸನಗರದ ನಮ್ಮ ಹೈಸ್ಕೂಲಿಗೆ ಬಂದು, ಆಟದ ಸಾಮಾನಿನ ಕೋಣೆಯ ಬಾಗಿಲಲ್ಲಿ ನಿಂತಳು. ನಾನು ವಾಲಿಬಾಲಿಗೆ ಗಾಳಿ ತುಂಬುತ್ತಿದ್ದೆ.

“ಮೇಡಂ, ನವೆಂಬರಲ್ಲಿ ಸ್ಟೇಟ್ ಟೀಮಿಗೆ ಸೆಲೆಕ್ಷನ್ ಇದೆ. ಈ ಸಲ ಆಗ್ಲಿಲ್ಲ ಅಂದ್ರೆ ಮುಗೀತು. ಡಿಗ್ರಿ ಆದ್ಮೇಲೆ ಮನೇಲಿ ಬಿಡಲ್ಲ.”

“ಅದಕ್ಕೆ ನಾನೆಂತ ಮಾಡ್ಲಿ? ನಾನು ಖೋಖೋ ಕಲಿಸೋಳು. ಬಿಲ್ಲು ಹಿಡಿಯಕ್ಕೇ ಬರಲ್ಲ ನಂಗೆ.”

“ಬಿಲ್ಲು ನಾನು ಹಿಡೀತೀನಿ. ನೀವು ನೋಡಿದ್ರೆ ಸಾಕು. ಸರ್ ಪುಸ್ತಕ ನಿಮ್ಮ ಹತ್ರಾನೇ ಇದೆಯಲ್ಲ.”

ಅವಳು ತೀರ್ಥಹಳ್ಳಿ ಕಡೆಯವಳು, ಮಂಡಗದ್ದೆ ಹತ್ತಿರ. ಸಾಗರದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಪಿಯುಸಿಗೆ ಸೇರಿದಂದಿನಿಂದ ಅಣ್ಣನ ಹತ್ತಿರ ಬಿಲ್ಲುಗಾರಿಕೆ ಕಲಿತಿದ್ದಳು. ಪ್ರತಿ ಭಾನುವಾರ ನಾನು ಹೊಸನಗರದಿಂದ ಬಸ್ಸು ಹತ್ತಿ ಸಾಗರಕ್ಕೆ ಹೋಗಿ ಅಣ್ಣನಿಗೆ ಅಂಕ ಬರೆದುಕೊಡುತ್ತಿದ್ದೆ. ಅವನು ದುರ್ಬೀನಿನಲ್ಲಿ ನೋಡಿ ಹೇಳುವನು, ನಾನು ಪುಸ್ತಕಕ್ಕೆ ಇಳಿಸುವೆನು. ಬಿಲ್ಲುಗಾರಿಕೆಯ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ. ಆದರೂ ಹೂಂ ಎಂದೆ. ಆ ಪೆಟ್ಟಿಗೆಯನ್ನು ಯಾವತ್ತಾದರೂ ಒಂದು ದಿನ ತೆಗೆಯಲೇಬೇಕಿತ್ತು.

ಅಭ್ಯಾಸದ ಜಾಗ ಸಾಗರದಿಂದ ಕೆಳದಿಗೆ ಹೋಗುವ ರಸ್ತೆಯಲ್ಲಿ, ಮುಚ್ಚಿಹೋದ ಒಂದು ಅಕ್ಕಿ ಗಿರಣಿ. ಹಿಂದೆ ಭತ್ತ ಒಣಗಿಸುತ್ತಿದ್ದ ಕಣದಿಂದ ಆಚೆಯ ಬಯಲಿನವರೆಗೆ ಎಪ್ಪತ್ತು ಮೀಟರ್ ಸಿಗುತ್ತದೆ. ಬಯಲಿನ ಕೊನೆಯಲ್ಲಿ ಹುಲ್ಲನ್ನು ಒತ್ತಿ ಹಗ್ಗದಿಂದ ಬಿಗಿದ ಟಾರ್ಗೆಟ್. ಅದರ ಹಿಂದೆ ಅಕೇಶಿಯಾ ನೆಡುತೋಪು, ಅದರಾಚೆ ಕಾಡು. ಗಿರಣಿ ನಡೆಯುತ್ತಿದ್ದಾಗ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಈಗ ಅಲ್ಲಿಯ ಕಾವಲುಗಾರರು. ಹುಲ್ಲಿನ ಟಾರ್ಗೆಟ್ ಕಟ್ಟುವವರೂ ಅವರೇ.

ಅಣ್ಣ ಅಲ್ಲಿ ಒಂದು ನಿಯಮ ಮಾಡಿದ್ದ: ಕಾಡಿಗೆ ಹೋದ ಬಾಣ ಸರ್ ಬಾಣ. ಟಾರ್ಗೆಟ್ ತಪ್ಪಿ ತೋಪಿನೊಳಗೆ ಹೋದದ್ದನ್ನು ಹುಡುಕಲು ಮಕ್ಕಳು ಹೋಗಕೂಡದು, ಅವನೇ ಹೋಗಬೇಕು. ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಹೆದರಿಕೆ. ಕಾಡಿನ ತರಗೆಲೆಯಲ್ಲಿ ಉಣುಗು ಇರುತ್ತದೆ, ಅದು ಕಚ್ಚಿದರೆ ಜ್ವರ. ಆಶಾ ಕಾರ್ಯಕರ್ತೆ ಮನೆಮನೆಗೆ ಎಣ್ಣೆ ಕೊಟ್ಟು ಹೋಗುತ್ತಾಳೆ, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಬಿಲ್ಲುಗಾರರಿಗೆ ಮಾತ್ರ ಆ ಎಣ್ಣೆ ಆಗದು. ಎಣ್ಣೆ ಕೈಯಲ್ಲಿ ಹೆದೆ ನಿಲ್ಲುವುದಿಲ್ಲ.

ಜನವರಿಯ ಒಂದು ಭಾನುವಾರ ಈ ಹುಡುಗಿಯ ಬಾಣವೊಂದು ಎಡಕ್ಕೆ ಹಾರಿ ತೋಪಿನೊಳಗೆ ಹೋಯಿತು. ಒಂದೇ ತೂಕಕ್ಕೆ ಹೊಂದಿಸಿದ ಬಾಣಗಳವು, ಒಂದು ಕಳೆದರೂ ಜೊತೆ ಕೆಟ್ಟಂತೆ. ಅಣ್ಣ ಹೊರಟ. ನನ್ನ ಚೀಲದಲ್ಲಿ ಎಣ್ಣೆಯ ಬಾಟಲಿ ಇತ್ತು, ತೆಗೆದು ಚಾಚಿದೆ. “ಬೇಡ ಮಾರಾಯ್ತಿ, ಕೈ ಜಾರ್ತದೆ. ಬಂದ್ಮೇಲೆ ಇವ್ರಿಗೆ ಹೊಡೆದು ತೋರ್ಸೋದಿದೆ” ಎಂದ. ಒಂದು ಗಂಟೆ ಹುಡುಕಿ ಬರಿಗೈಲಿ ಬಂದ, ಪ್ಯಾಂಟಿನ ಮೇಲಿದ್ದ ಉಣುಗುಗಳನ್ನು ಕಿತ್ತು ಹಾಕಿ ಬಿಲ್ಲು ಎತ್ತಿಕೊಂಡ. ವಾರಕ್ಕೆ ಜ್ವರ ಬಂತು. ಮೊದಲು ಸಾಗರದ ಆಸ್ಪತ್ರೆ, ಆಮೇಲೆ ದೊಡ್ಡ ಆಸ್ಪತ್ರೆ. ಹದಿಮೂರನೆಯ ದಿನ ಹೋದ. ಅವನು ತೋಪಿಗೆ ಹೋದದ್ದು ಅದೊಂದೇ ದಿನವಲ್ಲ. ಯಾವ ದಿನದ ಉಣುಗು ಎಂದು ಯಾರೂ ಹೇಳಲಾರರು. ನಾನಂತೂ ಅವತ್ತಿನ ಪುಟದಲ್ಲಿ ಆ ಬಾಣದ ಅಂಕವಿರಬೇಕಾದ ಕಡೆ ಒಂದು ಗೀಟು ಎಳೆದಿದ್ದೆ.

ಜೂನಿನ ಮಳೆಗೆ ಬಯಲಲ್ಲಿ ಹೊಡೆಯುವಂತಿರಲಿಲ್ಲ, ಗಿರಣಿಯ ಒಳಗೇ ಶುರುಮಾಡಿದೆವು. ಪುಸ್ತಕದಲ್ಲಿ ಅಣ್ಣ ಬರೆದಿದ್ದ ಕ್ರಮವನ್ನೇ ಹಿಡಿದೆ. ಮೊದಲ ವಾರ ಬಾಣವಿಲ್ಲ, ರಬ್ಬರ್ ಪಟ್ಟಿ ಎಳೆದು ಹಿಡಿಯುವುದು. ಎರಡನೆಯ ವಾರ ಮೂರು ಮೀಟರಿನಿಂದ, ಕಾಗದ ಅಂಟಿಸದ ಬರೀ ಹುಲ್ಲಿಗೆ, ಕಣ್ಣು ಮುಚ್ಚಿ ದಿನಕ್ಕೆ ಎಂಬತ್ತು ಬಾಣ. ಗುರಿ ಇಲ್ಲದಿದ್ದರೆ ಮೈ ತನ್ನ ಕೆಲಸ ತಾನು ಕಲಿಯುತ್ತದೆ ಎಂದು ಅವನು ಬರೆದಿದ್ದ.

“ಅಕ್ಕೋರೇ, ಈ ಹುಡ್ಗಿ ಕಣ್ಮುಚ್ಚಿ ಹೊಡೀತದಲ್ರೀ! ನಾನೆಲ್ಲಿ ನಿಂತ್ಕೊಳ್ಲಿ? ಬಾಯ್ಲರ್ ಒಳಗೆ ಹೋಗಿ ಕೂತ್ಕೊಳ್ಲಾ?” ಎಂದರು ಕಾವಲಿನವರು.

“ನೀವು ಟಾರ್ಗೆಟ್ ಮುಂದೆ ನಿಂತ್ಕೊಳ್ಳಿ ಅಜ್ಜಾ, ಅಲ್ಲಿಗೆ ಬರಲ್ಲ ನನ್ ಬಾಣ” ಎಂದಳು ಅವಳು. ನಾಲ್ಕು ತಿಂಗಳಲ್ಲಿ ನಾನು ನಕ್ಕದ್ದು ಅವತ್ತೇ ಇರಬೇಕು.

ಬಿಲ್ಲಿನ ಮೇಲೆ ಕ್ಲಿಕ್ಕರ್ ಎಂಬ ತೆಳ್ಳನೆಯ ಉಕ್ಕಿನ ಪಟ್ಟಿ ಇರುತ್ತದೆ. ಬಾಣವನ್ನು ಪೂರ್ತಿ ಎಳೆದಾಗ ಅದರ ಮೊನೆ ಪಟ್ಟಿಯನ್ನು ದಾಟಿ, ಟಿಕ್ ಎಂದು ಸದ್ದಾಗುತ್ತದೆ. ಸದ್ದಾದ ಕೂಡಲೇ ಬೆರಳು ಬಿಡಬೇಕು. ಅವಳು ಬಿಡುತ್ತಿರಲಿಲ್ಲ. ಟಿಕ್ ಆದಮೇಲೆ ಒಂದು ಕ್ಷಣ ಕಾಯುತ್ತಿದ್ದಳು. ಏನನ್ನು ಕಾಯುತ್ತಾಳೆಂದು ನನಗೆ ಗೊತ್ತಿತ್ತು. ಹೊಸಬರಿಗೆ ಕಲಿಸುವಾಗ ಅಣ್ಣ ಆ ಸದ್ದಿನ ಬೆನ್ನಿಗೇ “ಹ್ಞೂಂ” ಎನ್ನುತ್ತಿದ್ದ. ಆ ಉದ್ದನೆಯ ಗಿರಣಿಯಲ್ಲಿ ಟಿಕ್ ಆಗುತ್ತಿತ್ತು, ನಾವಿಬ್ಬರೂ ಉಸಿರು ಹಿಡಿಯುತ್ತಿದ್ದೆವು, ಯಾರೂ ಏನೂ ಹೇಳುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ನಾನೇ “ಹ್ಞೂಂ” ಎಂದೆ. ಅವಳು ಬೆಚ್ಚಿಬಿದ್ದಳು, ಬಾಣ ಗೋಡೆಗೆ ಬಡಿದು ಮುರಿಯಿತು.

“ಬೇಡ ಮೇಡಂ.”

“ಇಲ್ಲ, ಇನ್ನು ಹೇಳಲ್ಲ.”

ಅದಾದ ಮೇಲೆ ಸದ್ದು ಕೇಳಿದೊಡನೆ ಬಿಡುವುದನ್ನು ಕಲಿಯಲು ಅವಳಿಗೆ ಮೂರು ವಾರ ಬೇಕಾಯಿತು.

ಜುಲೈ ಕೊನೆಯ ಒಂದು ಮಧ್ಯಾಹ್ನ ಮಳೆ ಬಿಟ್ಟಿತ್ತು. ಗಿರಣಿಯ ಮಾಡಿನ ಗಾಜಿನ ಹೆಂಚಿನಿಂದ ಬೆಳಕು ಬಿದ್ದಿತ್ತು. ನಾನು ಚಹಾ ತರಲು ಹೊರಗೆ ಹೋಗಿ ತಿರುಗಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಅಣ್ಣ ಬಿಲ್ಲು ಎಳೆದು ನಿಂತಿದ್ದ. ಯಾರೋ ಮೆಲ್ಲಗೆ ಹೇಳಿದ್ದನ್ನು ಕೇಳಿಸಿಕೊಳ್ಳುವವನ ಹಾಗೆ ಕತ್ತು ಒಂದು ಬೆರಳು ಮುಂದೆ ಬಾಗಿತ್ತು. ಬಾಣ ಹೋಯಿತು, ಕೈ ಇಳಿಯಿತು, ಅವಳು ತಿರುಗಿ “ಚಹಾ ಸಿಕ್ತಾ ಮೇಡಂ?” ಎಂದಳು.

ನನ್ನ ಹಿಂದೆಯೇ ಬಂದಿದ್ದ ಕಾವಲಿನವರೂ ನೋಡಿದ್ದರು. “ನಿಮ್ಮಣ್ಣನೇ ನಿಂತಂಗೆ ಕಾಣ್ತು ಅಲ್ಲನ್ರೀ” ಎಂದು ತಗ್ಗಿದ ದನಿಯಲ್ಲಿ ಹೇಳಿ, ಹುಲ್ಲು ತರುವ ನೆಪದಲ್ಲಿ ಆಚೆ ಹೋದರು.

ಆಮೇಲೆ ನಾನು ಅದನ್ನು ನೋಡಲೆಂದೇ ಹೋಗತೊಡಗಿದೆ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸಿಗೆ ಓಡುತ್ತಿದ್ದೆ. ಅವಳು ಬಿಲ್ಲು ಎತ್ತುವಾಗ ಅವಳೇ. ಹೆದೆ ಗದ್ದಕ್ಕೆ ಮುಟ್ಟುವ ಎರಡು ಮೂರು ಕ್ಷಣ ಅವನು. ಟಿಕ್ ಆದರೆ ಅವನು ಹೋದ. ಎಂಬತ್ತು ಬಾಣವೆಂದರೆ ಎಂಬತ್ತು ಸಲ.

ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಬಯಲಿಗೆ ಬಂದು ಎಪ್ಪತ್ತು ಮೀಟರಿನಿಂದ ಸ್ಪರ್ಧೆಯ ಪೂರ್ತಿ ಎಪ್ಪತ್ತೆರಡು ಬಾಣ ಹೊಡೆಸಿದೆ. ಮೊದಲ ಮೂವತ್ತಾರು ಚೆನ್ನಾಗಿ ಹೋದವು. ಅರ್ಧ ದಾಟಿದ ಮೇಲೆ ಬಾಣಗಳು ಎಡಕ್ಕೆ ಸರಿಯತೊಡಗಿದವು, ಕೊನೆಕೊನೆಗೆ ನಡುವಿನ ಹಳದಿ ಬಿಟ್ಟು ಹೊರಗಿನ ಕೆಂಪು, ನೀಲಿ ಬಳೆಗಳಲ್ಲಿ ಚದುರಿದವು. ಮರುವಾರವೂ ಹಾಗೆಯೇ. ಎಡಕ್ಕೆ ಹೋಗುತ್ತಿದೆ ಎನಿಸಿದೊಡನೆ ಅವಳ ಮುಖ ಕಳೆಗುಂದುತ್ತಿತ್ತು. ಎಳೆದ ಹೆದೆಯನ್ನು ಬಿಡಲಾರದೆ ಬಿಲ್ಲು ಇಳಿಸಿಬಿಡುತ್ತಿದ್ದಳು. ಟಾರ್ಗೆಟಿನ ಎಡಗಡೆ ತೋಪನ್ನು ನೋಡುತ್ತಿದ್ದಳು.

ಪುಸ್ತಕ ತೆಗೆದೆ. ಅಣ್ಣನ ಕೊನೆಯ ಪುಟದಲ್ಲಿ, ನನ್ನ ಅಂಕಗಳ ಕೆಳಗೆ, ಅವನ ಕೈಬರಹ: “ಮತ್ತೆ ಎಡಕ್ಕೆ. ಪಿನ್ ಇನ್ನೂ ಅರ್ಧ ಸುತ್ತು ಎಡಕ್ಕೆ.” ಪಿನ್ ಎಂದರೆ ಬಿಲ್ಲಿಗೆ ಕಟ್ಟಿದ, ಗುರಿ ನೋಡುವ ಸಣ್ಣ ಉಂಗುರ. ಬಾಣ ಎಡಕ್ಕೆ ಹೋದರೆ ಪಿನ್ನನ್ನೂ ಎಡಕ್ಕೆ ಸರಿಸಬೇಕು, ಆಗ ಬಾಣ ನಡುವಿಗೆ ಬರುತ್ತದೆ. ಹಿಂದಿನ ಪುಟಗಳನ್ನು ತಿರುವಿದೆ. ಎರಡು ವರ್ಷದಿಂದ ಅದೇ ಮಾತು. ಅರ್ಧ ಸುತ್ತು ಎಡಕ್ಕೆ, ಕಾಲು ಸುತ್ತು ಎಡಕ್ಕೆ. ಅವಳ ಬಿಲ್ಲನ್ನು ಬೆಂಚಿನ ಮೇಲಿಟ್ಟು ಹಿಂದಿನಿಂದ ನೋಡಿದೆ. ಪಿನ್ ಹೆದೆಯ ನೇರದಲ್ಲಿರಬೇಕಾದದ್ದು ಸ್ಕ್ರೂವಿನ ಕೊನೆಗೇ ಹೋಗಿ ಕೂತಿತ್ತು. ಇನ್ನು ಅರ್ಧ ಸುತ್ತು ತಿರುಗಿಸಲು ಜಾಗವೇ ಇರಲಿಲ್ಲ.

ಮರುದಿನ ಅವಳ ಹಿಂದೆ ನಿಂತು ಫೋನಿನಲ್ಲಿ ವಿಡಿಯೊ ಮಾಡಿದೆ. ಎಳೆದ ಮೊಣಕೈ ಬಾಣದ ನೇರ ಹಿಂದೆ ಬರಬೇಕು, ಅವಳದು ಹೊರಗೇ ನಿಲ್ಲುತ್ತಿತ್ತು. ಹೆದೆ ಗದ್ದದವರೆಗೆ ಬರದೆ ಒಂದು ಬೆರಳು ದೂರದಲ್ಲೇ ನಿಲ್ಲುವುದು, ಅವಳು ಕತ್ತು ಬಾಗಿಸಿ ಗದ್ದವನ್ನೇ ಹೆದೆಗೆ ಒಯ್ಯುವಳು. ಮೊಣಕೈ ಹೊರಗಿದ್ದರೆ ಬಿಡುವಾಗ ಬೆರಳೂ ಹೊರಕ್ಕೆ ಎಳೆಯುತ್ತದೆ, ಬಾಣ ಎಡಕ್ಕೆ ಹೋಗುತ್ತದೆ. ಬೆನ್ನು ದಣಿದಷ್ಟೂ ಇನ್ನೂ ಹೆಚ್ಚು. ಅವಳ ಭುಜಕ್ಕಾಗಲಿ ಬೆನ್ನಿಗಾಗಲಿ ಏನೂ ಆಗಿರಲಿಲ್ಲ. ಹಾಗಾದರೆ ಯಾಕೆ?

ಉತ್ತರ ಮನೆಯ ಗೋಡೆಯ ಮೇಲಿತ್ತು. ಅಣ್ಣ ಇಪ್ಪತ್ತೈದರ ವಯಸ್ಸಿನಲ್ಲಿ ಬಿಲ್ಲು ಎಳೆದು ನಿಂತ ಫೋಟೊ. ಕತ್ತು ಕಂಬದ ಹಾಗೆ ನೇರ. ಎಂಟು ವರ್ಷದ ಹಿಂದೆ ಅವನು ಬೈಕಿನಿಂದ ಬಿದ್ದು ಬಲಗಡೆಯ ಕೊರಳೆಲುಬು ಮುರಿದುಕೊಂಡಿದ್ದ. ಒಳಗೆ ಪ್ಲೇಟು ಹಾಕಿದ್ದರು. ಅಲ್ಲಿಂದ ಮುಂದೆ ಭುಜ ಪೂರ್ತಿ ಹಿಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಕತ್ತನ್ನು ಮುಂದೆ ತರುತ್ತಿದ್ದ. ಬಾಯಲ್ಲಿ ಮಾತ್ರ “ಹೆದೆ ಮುಖಕ್ಕೆ ಬರ್ಬೇಕು, ಮುಖ ಹೆದೆಗೆ ಹೋಗಬಾರ್ದು” ಎಂದು ದಿನಾ ಹೇಳುತ್ತಿದ್ದ. ಹೇಳಿ, ಬಿಲ್ಲು ಎತ್ತಿ, ಹೊಡೆದು ತೋರಿಸುತ್ತಿದ್ದ. ಅವಳು ಕಿವಿಯಿಂದ ಕೇಳಿದ್ದು ಒಂದು, ಕಣ್ಣಿಂದ ಕಲಿತದ್ದು ಇನ್ನೊಂದು.

ಇದನ್ನು ತಿಳಿದ ಮೇಲೂ ಒಂದು ವಾರ ನಾನು ಸುಮ್ಮನಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಮ್ಮನಿದ್ದದ್ದು ನಿಜ. ಸೆಲೆಕ್ಷನ್ನಿಗೆ ಎರಡೂವರೆ ತಿಂಗಳು ಇತ್ತು, ಈಗ ಮೈಯ ಅಭ್ಯಾಸ ಮುರಿದರೆ ಇರುವ ಅಂಕವೂ ಹೋಗಬಹುದು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಆ ಶನಿವಾರ, ಭಾನುವಾರಗಳಂದು ಗಿರಣಿಯ ಬಾಗಿಲಲ್ಲಿ ನಿಂತು ಆ ಬಾಗಿದ ಕತ್ತನ್ನು ನಾನು ಕಣ್ತುಂಬ ನೋಡಿದೆ.

ಮುಂದಿನ ಭಾನುವಾರ ನಲವತ್ತನೆಯ ಬಾಣಕ್ಕೆ ಅವಳು ಬಿಲ್ಲು ಇಳಿಸಿ ಕಣದ ಸಿಮೆಂಟಿನ ಮೇಲೆ ಕೂತುಬಿಟ್ಟಳು.

“ಆಗಲ್ಲ ಮೇಡಂ. ಎಡಕ್ಕೆ ಹೋಗ್ತದೆ ಅಂತ ಕಂಡ ಕೂಡ್ಲೆ ಕೈ ಕಟ್ಟಿ ಹೋಗ್ತದೆ.”

“ಎಂತಕ್ಕೆ?”

“ಎಂತಕ್ಕೆ ಅಂತ ನಿಮಗೆ ಗೊತ್ತು. ಅವತ್ತಿನ ಬಾಣ ನಂದು. ನೀವೇ ಗೀಟು ಹಾಕಿದ್ರಿ. ಆ ಪುಸ್ತಕ ತಗೊಂಡು ದಿನಾ ನನ್ನೆದುರಿಗೆ ಕೂತ್ಕೊಳ್ತೀರಿ, ಒಂದಿನಾನೂ ಕೇಳ್ಲಿಲ್ಲ.”

“ಕಾಡಿಗೆ ಹೋದ ಬಾಣ ಸರ್ ಬಾಣ. ಅದು ನಿಯಮ.”

“ಅದು ಹುಡುಕಕ್ಕೆ ಮಾಡಿದ ನಿಯಮ ಮೇಡಂ. ಬಿಟ್ಟೋಳು ನಾನಲ್ವಾ?”

ಸಮಾಧಾನದ ಮಾತು ಹೇಳಿ ಅವಳನ್ನು ಎಬ್ಬಿಸಬಹುದಿತ್ತು. ಊರಿನವರೆಲ್ಲ ನನಗೆ ಹೇಳಿದ್ದು ಅದನ್ನೇ, ಹಣೆಬರಹ, ಯಾರೆಂತ ಮಾಡೋಕಾಗ್ತದೆ ಎಂದು. ಅದರಿಂದ ನನ್ನ ಭಾರವೇ ಇಳಿದಿರಲಿಲ್ಲ. ಅವಳ ಭಾರ ಇಳಿಸಲು ಒಂದೇ ಮಾತಿತ್ತು. ಅದನ್ನು ಹೇಳಿದರೆ ಸತ್ತವನ ಮೇಲೆ ತಪ್ಪು ಹೊರಿಸಿದಂತೆ. ಫೋನು ತೆಗೆದು ವಿಡಿಯೊ ತೋರಿಸಿದೆ. ಮನೆಯ ಫೋಟೊವನ್ನೂ ಫೋನಿನಲ್ಲಿ ಹಿಡಿದು ತಂದಿದ್ದೆ, ಅದನ್ನೂ ತೋರಿಸಿದೆ.

“ಇದು ಸರ್ ಬೀಳೋಕೆ ಮೊದ್ಲು. ನೀನು ಬಂದಿದ್ದು ಆಮೇಲೆ. ನೀನು ನೋಡಿದ್ದು ಮುರಿದ ಭುಜಾನ. ಆ ಬಾಣ ನೀನು ತಪ್ಪಿ ಬಿಟ್ಟಿದ್ದಲ್ಲ. ಅವ್ನು ಹೇಗೆ ತೋರ್ಸಿದ್ನೋ ಹಾಗೇ ಬಿಟ್ಟಿದ್ದೀಯ. ಅದು ಎಡಕ್ಕೇ ಹೋಗ್ಬೇಕು, ಹೋಯ್ತು.”

ಅವಳು ಫೋಟೊವನ್ನೂ ವಿಡಿಯೊವನ್ನೂ ತುಂಬ ಹೊತ್ತು ನೋಡಿದಳು. “ಸರ್‌ಗೆ ಗೊತ್ತಿತ್ತಾ?” ಎಂದಳು.

“ಇಲ್ಲ. ಅವ್ನು ಪಿನ್ ತಿರುಗಿಸ್ತಾನೇ ಇದ್ದ.”

ಅವತ್ತು ಪುಸ್ತಕದಲ್ಲಿ, ಅಣ್ಣನ ಕೊನೆಯ ಸಾಲಿನ ಕೆಳಗೆ, ಮೊದಲ ಸಲ ನನ್ನ ಕೈಯಿಂದ ಒಂದು ಸೂಚನೆ ಬರೆದೆ: “ಪಿನ್ ಮಧ್ಯಕ್ಕೆ.” ಸ್ಕ್ರೂ ತಿರುಗಿಸುವಾಗ, ಅವನು ಗುರುತಿಗೆಂದು ಹಚ್ಚಿದ್ದ ಕೆಂಪು ಉಗುರುಬಣ್ಣ ಪುಡಿಯಾಗಿ ಉದುರಿತು. ಭುಜ ಹಿಂದೆ ಹೋದಂತೆ ಎಳೆತ ಉದ್ದವಾಗುವುದರಿಂದ ಕ್ಲಿಕ್ಕರನ್ನು ಅರ್ಧ ಬೆರಳು ಹಿಂದೆ ಸರಿಸಿದೆವು. ಬಿಲ್ಲು ಭಾರವಾಗದಂತೆ ಅದರ ಮೇಲಿನ, ಕೆಳಗಿನ ಬಾಗುವ ರೆಕ್ಕೆಗಳ ಬೋಲ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿದೆವು.

ಮತ್ತೆ ಮೂರು ಮೀಟರ್, ಮತ್ತೆ ಬರೀ ಹುಲ್ಲು. ಕತ್ತನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂದು ತಲೆಕೆಡಿಸಿಕೊಂಡಿದ್ದಾಗ ಕಾವಲಿನವರು ಗಾರೆ ಕೆಲಸದವರ ತೂಗುಗುಂಡು ತಂದು ತೊಲೆಗೆ ಕಟ್ಟಿದರು. ದಾರ ಅವಳ ಮೂಗಿನ ಮುಂದೆ ಒಂದು ಬೆರಳು ದೂರದಲ್ಲಿ ನೇರ ಇಳಿದಿತ್ತು. ಕತ್ತು ಬಾಗಿತೋ, ಮೂಗಿಗೆ ದಾರ ತಾಗುತ್ತದೆ. ತಾಗಿದರೆ ಬಾಣ ಬಿಡುವಂತಿಲ್ಲ, ಇಳಿಸಬೇಕು.

“ಗೋಡೆ ನೆಟ್ಟಗೆ ಮಾಡೋ ಗುಂಡು, ಹುಡ್ಗೀನ ನೆಟ್ಟಗೆ ಮಾಡಲ್ವಾ?” ಎಂದರು.

ಮೊದಲ ದಿನ ನೂರರಲ್ಲಿ ಎಪ್ಪತ್ತು ಸಲ ಇಳಿಸಿದಳು. ಸೆಪ್ಟೆಂಬರ್ ಪೂರ್ತಿ ಹೀಗೇ ಹೋಯಿತು. ಅಕ್ಟೋಬರಿನಲ್ಲಿ ಬಯಲಿಗೆ ಬಂದಾಗ ಬಾಣಗಳು ಮೇಲೆ, ಕೆಳಗೆ, ಬಲಕ್ಕೆ, ಎಲ್ಲೆಲ್ಲೋ ಬಿದ್ದವು. ಅಂಕ ಆಗಸ್ಟಿನದಕ್ಕಿಂತ ಕೆಳಗಿಳಿಯಿತು. ಒಂದು ಸಂಜೆ ಅವಳು ಬಿಲ್ಲನ್ನು ಪೆಟ್ಟಿಗೆಗೆ ಹಾಕುತ್ತ, “ಹಳೇದರಲ್ಲೇ ಹೋಗಿದ್ರೆ ಅರ್ಧನಾದ್ರೂ ಚೆನ್ನಾಗಿ ಹೊಡೀತಿದ್ದೆ” ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು. ಬಸ್ಸಿನಲ್ಲಿ ಹೊಸನಗರದವರೆಗೂ, ಅಣ್ಣ ಕಟ್ಟಿದ್ದನ್ನು ನಾನು ಕೆಡವಿದೆ, ಬದಲಿಗೆ ಏನನ್ನೂ ಕಟ್ಟಲಿಲ್ಲ ಎಂದೇ ಯೋಚಿಸಿದೆ. ಆದರೆ ಮನೆಗೆ ಬಂದು ಅವತ್ತಿನ ಬಾಣಗಳ ಚುಕ್ಕಿಗಳನ್ನು ಪುಸ್ತಕದಲ್ಲಿ ಮೊದಲರ್ಧ, ಎರಡನೆಯರ್ಧ ಎಂದು ಬೇರೆ ಬೇರೆ ಗುರುತಿಸಿದಾಗ ಒಂದು ವಿಷಯ ಕಂಡಿತು. ಎರಡೂ ಒಂದೇ ಥರ ಚದುರಿದ್ದವು. ಕೊನೆಯ ಬಾಣಗಳು ಎಡಕ್ಕೆ ಸರಿದಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲೇ ಅವಳಿಗೆ ಫೋನ್ ಮಾಡಿ ಹೇಳಿದೆ. “ಹೌದನಾ ಮೇಡಂ?” ಎಂದಳು. “ಹಾಗಾದ್ರೆ ಇವತ್ತು ಸಂಜೆ ನಾನೊಬ್ಳೇ ಹೋಗಿ ಹೊಡೀತೀನಿ. ಗಿರಣಿ ಅಜ್ಜಂಗೆ ಹೇಳಿ” ಎಂದಳು.

ನವೆಂಬರಿನ ಸೆಲೆಕ್ಷನ್ ದೂರದ ಊರಿನ ಕ್ರೀಡಾಂಗಣದಲ್ಲಿ. ಗಾಳಿ ಇತ್ತು. ತರಬೇತುದಾರರು ಗೆರೆಯ ಹಿಂದೆ ಕೂರಬೇಕು. ನಾನು ಅಣ್ಣನ ದುರ್ಬೀನು ಹಿಡಿದು ಕೂತಿದ್ದೆ. ಅಂಕ ಹೇಳುವವನೂ ಇಲ್ಲ, ನೋಡುವವಳೂ ಬರೆಯುವವಳೂ ನಾನೇ. ಮೊದಲರ್ಧ ಸಾಧಾರಣವಾಗಿ ಹೋಯಿತು. ನಡುವಿನ ವಿರಾಮದಲ್ಲಿ ಅವಳು ಬಾಳೆಹಣ್ಣು ತಿಂದು ಎದ್ದು ಗೆರೆಗೆ ಹೋದಳು. ಮೂವತ್ತೇಳನೆಯ ಬಾಣದಿಂದ ನಾನು ಟಾರ್ಗೆಟ್ ನೋಡುವುದನ್ನು ಬಿಟ್ಟೆ, ಅವಳ ಕತ್ತನ್ನೇ ನೋಡಿದೆ. ಎತ್ತಿದಳು, ಎಳೆದಳು, ಹೆದೆ ಗದ್ದಕ್ಕೆ ಬಂತು, ಟಿಕ್, ಹೋಯಿತು. ಎಪ್ಪತ್ತೆರಡನೆಯದರವರೆಗೂ ಹಾಗೆಯೇ. ಆ ಗೆರೆಯ ಮೇಲೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ನಿಂತಿದ್ದಳು. ಬೇರೆ ಯಾರೂ ಇರಲಿಲ್ಲ.

ಎರಡನೆಯರ್ಧದ ಅಂಕ ಮೊದಲಿನದಕ್ಕಿಂತ ಮೂರು ಹೆಚ್ಚು. ನಾಲ್ವರನ್ನು ಆರಿಸಿದರು, ಅವಳು ನಾಲ್ಕನೆಯವಳು. ಅವಳು ಮನೆಗೆ ಫೋನ್ ಮಾಡುತ್ತಿದ್ದಾಗ ನಾನು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ಡಿಸೆಂಬರಿನಲ್ಲಿ ಮತ್ತೆ ಗಿರಣಿಗೆ ಹೋದೆವು. ಕಾವಲಿನವರು ಟಾರ್ಗೆಟ್ ಹಿಂದೆ ಎರಡಾಳೆತ್ತರದ ಬಲೆ ಕಟ್ಟಿದ್ದರು. ಇನ್ನು ಯಾವ ಬಾಣವೂ ತೋಪಿಗೆ ಹೋಗುವುದಿಲ್ಲ. ಅಭ್ಯಾಸ ಮುಗಿದು ಬಿಸಿಲು ಇಳಿಯುತ್ತಿತ್ತು. ಅವಳು ನನ್ನ ಮುಖ ನೋಡಿದಳು.

“ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಬಾಗಿಲಲ್ಲಿ ನಿಂತು ನೋಡ್ತಿದ್ದದ್ದು ನಂಗೆ ಗೊತ್ತಿತ್ತು. ಹಳೇ ಥರ ಒಂದ್ಸಲ ಹೊಡೀಲಾ?”

ಬೇಡ ಎನ್ನಬೇಕಿತ್ತು. ಗೆರೆಯ ಕಡೆಗೆ ತಿರುಗಿ ನಿಂತೆ.

ಅವಳು ಗೆರೆಯ ಮೇಲೆ ನಿಂತು ಬಿಲ್ಲು ಎತ್ತಿ ಎಳೆದಳು. ಇಳಿಸಿದಳು. ಕತ್ತನ್ನು ಆಚೀಚೆ ಆಡಿಸಿ, ಮತ್ತೆ ಎತ್ತಿ ಎಳೆದು, ಮತ್ತೆ ಇಳಿಸಿದಳು. ಮೂರನೆಯ ಸಲ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುವವಳ ಹಾಗೆ ನಿಂತು ಎಳೆದಳು. ಹೆದೆ ತಾನಾಗಿ ಗದ್ದಕ್ಕೆ ಬಂತು, ಟಿಕ್ ಎಂದಿತು. ಬಾಣ ಹಳದಿಯ ನಡುವೆ ಹೋಗಿ ನಿಂತಿತು.

“ಬರ್ತಾ ಇಲ್ಲ ಮೇಡಂ” ಎಂದಳು. ಅವಳ ಕಣ್ಣು ತುಂಬಿತ್ತು.

“ಬರಬಾರ್ದು” ಎಂದೆ. ಬಾಣ ಕಿತ್ತು ತರಲು ಎಪ್ಪತ್ತು ಮೀಟರ್ ನಡೆದು ಹೋದೆ.